ದಾರಿಬದಿಯ ವೀರಗಲ್ಲುಗಳು

ಊರ ಬೀದಿಯ ಅಂಚಿನಲ್ಲಿ ಶಿಲ್ಪಗಳನ್ನು ನಿಲ್ಲಿಸಿ ಹಾದಿಹೋಕರಿಗೆ ತೋರಿಸುವುದನ್ನು ಹೊಸ ಕಲಾಪದ್ಧತಿಯೆಂದು ಭಾವಿಸುವವರುಂಟು. ಕನ್ನಡ ನಾಡಿಗೆ ಅದು ಹೊಸತಲ್ಲ. ಊರಬಾಗಿಲು, ಕೆರೆಯ ಏರಿ, ದೇವಾಲಯದ ಅಂಗಳ, ಹೀಗೆ ಜನರು ಸುಳಿದಾಡುವೆಡೆಗಳಲ್ಲಿಯೇ ನಮ್ಮ ಪೂರ್ವಿಕರು ವೀರಗಲ್ಲುಗಳನ್ನು ನಿಲ್ಲಿಸಿದರು. ಅರಸರ ಕೀರ್ತಿಗೆ ಕಾವ್ಯಗಳಿದ್ದವು, ತಾಮ್ರಶಾಸನಗಳಿದ್ದವು. ತುರುಗಳನ್ನು ಮರಳಿಸಲು ಹೋರಾಡಿ ಮಡಿದ ಸಾಮಾನ್ಯನ ನೆನಪಿಗೆ ಆಸರೆಯಾದುದು ಈ ಕಲ್ಲು.

ಇವುಗಳಲ್ಲಿ ಹಲವು ಮೂರು ಪಟ್ಟಿಕೆಗಳ ರಚನೆಯುಳ್ಳವು. ಇವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಡಿಯ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು. ಮೇಲಿನದರಲ್ಲಿ ಶಿವಲಿಂಗ, ಅದರ ಸನ್ನಿಧಿಯಲ್ಲಿ ಕೈಮುಗಿದ ವೀರ. ವೀರನು ಜೈನನಾಗಿದ್ದರೆ ಲಿಂಗದ ಸ್ಥಾನದಲ್ಲಿ ಜಿನಬಿಂಬವಿರುವುದೂ ಉಂಟು. ನೆತ್ತಿಯ ಸೂರ್ಯಚಂದ್ರರು ಈ ಕೀರ್ತಿ ತಾವಿರುವವರೆಗೂ ಉಳಿಯಲೆಂಬುದರ ಸಂಕೇತ. ಅಕ್ಷರ ಅರಿಯದವನೂ ಇದನ್ನು ಕಂಡು ಅರ್ಥಮಾಡಿಕೊಳ್ಳಬಲ್ಲನು.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಈ ಪರಂಪರೆಯಲ್ಲಿ ವಿಶಿಷ್ಟವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಮಾಡಿದ ಯುದ್ಧದಲ್ಲಿ ಗಂಗ ಬೂತುಗನ ಕಡೆಯ ಮಣಲೆರನು ಪರಾಕ್ರಮ ಮೆರೆದನು. ಮೆಚ್ಚಿದ ಒಡೆಯನಿಂದ ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಸೆಣಸಿ, ಎರಡೂ ಜೊತೆಯಾಗಿ ಸತ್ತವು. ಸುಮಾರು ಕ್ರಿ.ಶ. 950ರಲ್ಲಿ ಚಲ್ಲೇಶ್ವರನ ಮುಂದೆ ಅದರ ನೆನಪಿನ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಡಲಾಯಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಎಂದರೆ ಶೈವ ತಪಸ್ವಿಯು, ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಶಾಸನವು ವಿಧಿಸುತ್ತದೆ. ಮೂಕಪ್ರಾಣಿಯ ಶೌರ್ಯಕ್ಕೂ ನಿತ್ಯಪೂಜೆಯ ಗೌರವವನ್ನಿತ್ತ ಕಾಲವದು.

ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಅದು ಸುರಕ್ಷಿತ. ಆದರೆ ಚಲ್ಲೇಶ್ವರನ ಸನ್ನಿಧಿಯೂ ಗೊರವನ ಪೂಜೆಯೂ ಅದಕ್ಕಿಲ್ಲ. ಸ್ಥಳದಲ್ಲಿಯೇ ಉಳಿದ ಕಲ್ಲುಗಳ ಪಾಡೋ ಬೇರೆ. ಕೆಲವು ಬಟ್ಟೆ ಒಗೆಯುವ ಬಂಡೆಗಳಾಗಿವೆ, ಕೆಲವು ಚರಂಡಿಗೆ ಹಾಸಾಗಿವೆ, ಕೆಲವು ರಸ್ತೆಯ ಅಗಲೀಕರಣದಲ್ಲಿ ಹೂತುಹೋಗಿವೆ. ಇಲ್ಲಿ ಸ್ಥಳವುಳಿದು ಕಲ್ಲು ಅಳಿಯಿತು. ಅಲ್ಲಿ ಕಲ್ಲುಳಿದು ಸ್ಥಳ ಅಳಿಯಿತು.

ಎರಡನ್ನೂ ಉಳಿಸಿಕೊಳ್ಳುವ ಮಾರ್ಗವಿಲ್ಲದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಎಂಟನೆಯ ಶತಮಾನದ ಕಿಟ್ಟಯ್ಯನೆಂಬ ವೀರನ ಕಲ್ಲು ಬೆಳಕಿಗೆ ಬಂದಿತು. ಗಂಗ ಶ್ರೀಪುರುಷನ ಕಾಲದಲ್ಲಿ ಊರಿಗಾಗಿ ಹೋರಾಡಿ ಮಡಿದವನೀತ. ಶಾಸನಾಸಕ್ತರೂ ಸ್ಥಳೀಯರೂ ಕೂಡಿ ಆ ಕಲ್ಲಿಗೆ ಹೆಬ್ಬಾಳದಲ್ಲಿಯೇ ನೆಲೆ ಒದಗಿಸಿದರು. ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನವನು ತನ್ನ ಊರಿನವರ ನಡುವೆಯೇ ಉಳಿದನು.

ಪ್ರತಿ ಊರಿನಲ್ಲಿಯೂ ಇಂತಹ ಒಂದಾದರೂ ಕಲ್ಲು ಮಣ್ಣಿನಲ್ಲಿ ಅರ್ಧ ಹುದುಗಿ ನಿಂತಿರಬಹುದು. ಅದನ್ನು ಎತ್ತಿ ನಿಲ್ಲಿಸಿ, ಅದರ ಅಕ್ಷರಗಳನ್ನು ಬಲ್ಲವರಿಂದ ಓದಿಸಿ, ವೀರನ ಹೆಸರನ್ನು ಊರ ಮಕ್ಕಳಿಗೆ ತಿಳಿಸುವುದು ಆ ಊರಿನವರ ಕರ್ತವ್ಯ. ತನ್ನ ಊರಿಗಾಗಿ ಪ್ರಾಣವಿತ್ತವನಿಗೆ ಊರು ತೀರಿಸಬೇಕಾದ ಋಣವದು.