ಹಿತ್ತಿಲಿಗೆ ಬಂದ ಬಳ್ಳಾರಿ ಜಾಲಿ

ದೆಹಲಿಯ ನಮ್ಮ ಸರ್ಕಾರಿ ವಸತಿಗೃಹದ ಹಿತ್ತಿಲ ಗೋಡೆಗೆ ಒತ್ತಿಕೊಂಡು ಮೂರು ಮಳೆಗಾಲಗಳ ಹಿಂದೆ ಒಂದು ಮುಳ್ಳಿನ ಗಿಡ ಹುಟ್ಟಿಕೊಂಡಿತು. ನೆಟ್ಟವರು ನಾವಲ್ಲ. ಮಾಲಿಯು ‘ಕೀಕರ್’ ಎಂದ. ಕೀಕರ್ ಎಂದರೆ ನಮ್ಮ ಕರಿಜಾಲಿಯೇ ಎಂದು ನಂಬಿ ನೀರೆರೆದೆವು. ಮಗಳು ಶಾಲೆಯ ಪುಸ್ತಕದಲ್ಲಿ ಎಲೆ ಅಂಟಿಸಿ ‘ದೇಶೀ ಮರ’ ಎಂದು ಬರೆದೂ ಆಯಿತು. ಈ ಬೇಸಿಗೆಯಲ್ಲಿ ಊರಿನಿಂದ ಬಂದ ನಮ್ಮ ತಾಯಿಯವರು ಹೂವನ್ನು ನೋಡಿದೊಡನೆ, “ಇದು ಕರಿಜಾಲಿ ಎಲ್ಲೈತಪ್ಪ? ಬಳ್ಳಾರಿ ಜಾಲಿ!” ಎಂದರು.

ಕರಿಜಾಲಿಯ ಹೂವು ಹಳದಿಯ ಪುಟ್ಟ ಚೆಂಡು; ಕಾಯಿ ಬೀಜಬೀಜದ ನಡುವೆಯೂ ಕಿರಿದಾಗುತ್ತ ಮಣಿಸರದಂತಿರುತ್ತದೆ. ನಮ್ಮ ಗಿಡದ್ದೋ ಬೆರಳುದ್ದದ ತಿಳಿಹಳದಿ ತೆನೆ; ಮಾಗಿದರೆ ಹಳದಿಯಾಗುವ, ಸಿಹಿ ತಿರುಳಿನ ನೀಳವಾದ ಕಾಯಿ. ಸಸ್ಯಶಾಸ್ತ್ರದಲ್ಲಿ ಇದು ಪ್ರೊಸೋಪಿಸ್ ಜೂಲಿಫ್ಲೋರಾ. ಹೂವಿಗೆ ಕಾಯದೆ ಎಲೆಯನ್ನಷ್ಟೇ ನೋಡಿ ಹೆಸರಿಟ್ಟದ್ದು ನಮ್ಮ ತಪ್ಪು.

ಇದರ ತವರು ಮೆಕ್ಸಿಕೋ ಮತ್ತು ಅದರ ಆಸುಪಾಸಿನ ನಾಡುಗಳು. ಕಡತಗಳ ನಡುವೆಯೇ ಬದುಕುವ ನಮಗೆ ಇದರ ಭಾರತಪ್ರವೇಶವೂ ಒಂದು ಪತ್ರದಿಂದಲೇ ಆಯಿತೆಂಬುದು ವಿಶೇಷವೆನಿಸಿತು. ಮದರಾಸಿನ ಅರಣ್ಯಾಧಿಕಾರಿ ಬೆಡ್ಡೋಮ್ 1876ರಲ್ಲಿ ಬೀಜ ತರಿಸಿಕೊಡುವಂತೆ ಕಂದಾಯ ಇಲಾಖೆಯ ಕಾರ್ಯದರ್ಶಿಗೆ ಬರೆದರು. 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಸಸಿಗಳು ನೆಲ ಕಂಡವು. ಅವು ಧಾತು ಈಶ್ವರ ಬರದ ವರ್ಷಗಳು. ಬಳ್ಳಾರಿಯ ಸೀಮೆ ಆಗ ಹಸಿವಿನಿಂದ ಬರಿದಾಗುತ್ತಿತ್ತು. ಕಡಪದಂತೆ ಬಳ್ಳಾರಿಯೂ ಅಂದು ಮದರಾಸು ಪ್ರಾಂತದ್ದೇ. ಕನ್ನಡದ ಹೆಸರು ಮರ ಬಂದ ದಾರಿಯನ್ನು ಹೇಳುತ್ತಿದೆಯೆಂದು ನಮ್ಮ ಊಹೆ.

ಮುಂದೆ ಮಾರವಾಡದ ಅರಸೊತ್ತಿಗೆ 1940ರಲ್ಲಿ ಇದಕ್ಕೆ ‘ರಾಜವೃಕ್ಷ’ದ ಪಟ್ಟ ಕಟ್ಟಿತು. ದೆಹಲಿಯ ರಿಡ್ಜ್‌ಗೆ ಹಸಿರು ತರಲು ಬ್ರಿಟಿಷರು ನೆಟ್ಟ ಇದೇ ಮರ ಇಂದು ಅಲ್ಲಿ ಬೇರೆ ಗಿಡಗಳಿಗೆ ಎಡೆ ಬಿಡದಷ್ಟು ಹಬ್ಬಿದೆ. ತಿರುಳಿನಾಸೆಗೆ ದನ, ಮೇಕೆಗಳು ಕಾಯಿ ತಿಂದು ಹೋದಲ್ಲೆಲ್ಲ ಬೀಜ ಬಿತ್ತುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ತಮಿಳಿನಲ್ಲಿ ಇದು ಸೀಮೈ ಕರುವೇಲಂ, ತೆಲುಗಿನಲ್ಲಿ ಸರ್ಕಾರು ತುಮ್ಮ, ಹಿಂದಿಯಲ್ಲಿ ವಿಲಾಯತಿ ಕೀಕರ್, ಗುಜರಾತಿಯಲ್ಲಿ ಗಾಂಡೋ ಬಾವಳ್, ಅಂದರೆ ಹುಚ್ಚುಜಾಲಿ. ತನ್ನದೆಂದು ಯಾರೂ ಒಪ್ಪಿಕೊಂಡಿಲ್ಲ. ನಾವು ಮಾತ್ರ ನಮ್ಮದೇ ಒಂದು ಊರಿನ ಹೆಸರು ಕೊಟ್ಟಿದ್ದೇವೆ!

ಇಷ್ಟನ್ನು ಓದಿ ತಿಳಿದ ಮೇಲೆ, ಪಕ್ಕದಲ್ಲಿ ಏಳುತ್ತಿರುವ ಬೇವಿನ ಸಸಿಯ ದೃಷ್ಟಿಯಿಂದಲಾದರೂ ಇದನ್ನು ಬುಡಸಮೇತ ತೆಗೆಸಬೇಕೆಂದು ನಿಶ್ಚಯಿಸಿದೆವು. ತಾಯಿಯವರಿಗೆ ಹಿಡಿಸಲಿಲ್ಲ. “ಮಳಿ ಹೋದ ವರ್ಷ ನಮ್ಮ ಒಲಿ ಉರಿಸಿದ್ದು ಇದೇ ಕಟಿಗಿ. ಮುಳ್ಳು ಚುಚ್ಚಿ ಚುಚ್ಚಿ ನಮ್ಮವ್ವ ಕುಂಟತಿದ್ಲು, ಅದೂ ಖರೆ,” ಎಂದು ಸುಮ್ಮನಾದರು.

1994ರ ಕಾಯ್ದೆಯಂತೆ ದೆಹಲಿಯಲ್ಲಿ ಮರ ತೆಗೆಯಲು ಅನುಮತಿ ಬೇಕು. ಅರ್ಜಿ ಮೇಜಿನ ಮೇಲಿದೆ. ಹೆಸರಿನ ಜಾಗದಲ್ಲಿ ‘ವಿಲಾಯತಿ ಕೀಕರ್’ ಎಂದು ತುಂಬಿದ್ದೇವೆ. ಕಾರಣವನ್ನು ಇನ್ನೂ ಬರೆದಿಲ್ಲ. ಮಗಳು ಮಾತ್ರ ತನ್ನ ಪುಸ್ತಕವನ್ನು ತಿದ್ದಿ, ಎಲೆಯ ಪಕ್ಕಕ್ಕೆ ಹೂವನ್ನೂ ಅಂಟಿಸಿದ್ದಾಳೆ.