ವಿಕಿರಣ ಚಿಕಿತ್ಸೆ ಮತ್ತು ಪುನಾರಚನಾ ಶಸ್ತ್ರಚಿಕಿತ್ಸೆಯ ರಕ್ತನಾಳಗಳು

ಕ್ಯಾನ್ಸರ್ ಗಡ್ಡೆ ತೆಗೆದ ಜಾಗವನ್ನು ದೇಹದ ಬೇರೆ ಕಡೆಯ ಚರ್ಮ, ಸ್ನಾಯು ಅಥವಾ ಎಲುಬಿನಿಂದ ತುಂಬುವುದುಂಟು. ಹೀಗೆ ತಂದು ಕೂರಿಸುವ ಭಾಗಕ್ಕೆ ಫ್ಲ್ಯಾಪ್ ಎನ್ನುತ್ತಾರೆ. ರಕ್ತ ಹರಿದರೆ ಮಾತ್ರ ಅದು ಉಳಿಯುತ್ತದೆ. ತಂಬಾಕು, ಗುಟ್ಕಾ ಅಗಿಯುವ ಚಟ ಬೇರೂರಿರುವ ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಇದು ಕೆನ್ನೆ, ವಸಡು, ದವಡೆಯ ಕ್ಯಾನ್ಸರಿಗೆ ಸಂಬಂಧಿಸಿದ ವಿಷಯ. ಇಂಥ ರೋಗಿಗಳು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗುತ್ತಾರೆ. ಜನ ‘ಕರೆಂಟ್ ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಪ್ರಮಾಣ ಅಳೆಯುವ ಮಾನ) ವಾರಕ್ಕೆ 5 ದಿನ, ಆರೇಳು ವಾರ ನಡೆಯುತ್ತದೆ.

ಫ್ಲ್ಯಾಪಿನ ಚರಿತ್ರೆ ವಿಕಿರಣಕ್ಕಿಂತ ಬಹಳ ಹಳೆಯದು. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕೌಸಜಿ ಎಂಬ ಎತ್ತಿನಗಾಡಿಯವನಿಗೆ ಹಣೆಯ ಚರ್ಮ ತಿರುಗಿಸಿ ಮೂಗು ಕಟ್ಟಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅಲ್ಲಿ ಚರ್ಮವನ್ನು ಬುಡದಿಂದ ಪೂರ್ತಿ ಕತ್ತರಿಸಿರಲಿಲ್ಲ, ಹಾಗಾಗಿ ಹೊಸ ನಾಳ ಹುಡುಕುವ ಪ್ರಮೇಯವೇ ಬರಲಿಲ್ಲ. 1895ರಲ್ಲಿ ಎಕ್ಸ್‌ರೇ ಪತ್ತೆಯಾದ ಕೆಲವೇ ವರ್ಷಗಳಲ್ಲಿ, ಅದರಿಂದಾದ ಹುಣ್ಣುಗಳಲ್ಲಿ ಸಣ್ಣ ನಾಳಗಳ ಒಳಗೋಡೆ ದಪ್ಪಗಟ್ಟಿ ದಾರಿ ಕಿರಿದಾಗುವುದನ್ನು ವೈದ್ಯರು ಕಂಡರು. ಫ್ಲ್ಯಾಪೂ ವಿಕಿರಣವೂ ನೇರವಾಗಿ ಎದುರಾದದ್ದು 1960ರ ನಂತರ. ಸೂಕ್ಷ್ಮದರ್ಶಕದ ಅಡಿ ಸಣ್ಣ ನಾಳಗಳನ್ನು ಹೊಲಿಯುವುದು ಸಾಧ್ಯವಾಗಿ, 1970ರ ದಶಕದಲ್ಲಿ ಫ್ಲ್ಯಾಪನ್ನು ಪೂರ್ತಿ ಕತ್ತರಿಸಿ ಕತ್ತಿನ ನಾಳಕ್ಕೆ ಜೋಡಿಸತೊಡಗಿದಾಗ, ಆ ಕತ್ತು ಎಷ್ಟೋ ಸಲ ಮೊದಲೇ ವಿಕಿರಣ ಉಂಡಿರುತ್ತಿತ್ತು.

ವಿಕಿರಣ ಉಂಡ ಧಮನಿ ಬರಿಗಣ್ಣಿಗೆ ಚೆನ್ನಾಗಿಯೇ ಕಾಣಬಹುದು. ತೊಂದರೆ ಗೊತ್ತಾಗುವುದು ಎರಡು ಮೂರು ಮಿಲಿಮೀಟರ್ ಅಗಲದ ಅದರ ಬಾಯಿ ತೆರೆದಾಗ: ಗೋಡೆ ಬಿರುಸಾಗಿರುತ್ತದೆ, ಸುತ್ತಲ ನಾರುಗಟ್ಟಿದ ಅಂಗಾಂಶದಿಂದ ಸುಲಭವಾಗಿ ಬಿಡಿಸಿ ಬರುವುದಿಲ್ಲ, ಸೂಜಿ ಹೊರಗಿನಿಂದ ಒಳಕ್ಕೆ ನುಗ್ಗಿದರೆ ಒಳಪದರ ಸಿಪ್ಪೆಯಂತೆ ಕಳಚಿಕೊಳ್ಳುತ್ತದೆ. ಕಳಚಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೇ ಸೂಜಿಯನ್ನು ಒಳಗಿನಿಂದ ಹೊರಕ್ಕೆ ಹಾಯಿಸುವ ರೂಢಿ ಬಂತು. 1984ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಇಂಥ ನಾಳಗಳನ್ನು ಪರೀಕ್ಷಿಸಿದ ಅಧ್ಯಯನವೊಂದು ಪ್ರಕಟವಾಯಿತು. 2010ರಲ್ಲಿ ಸ್ವೀಡನ್ನಿನ ಸಂಶೋಧಕರು ಇನ್ನೂ ಮುಂದೆ ಹೋದರು. ಒಬ್ಬನೇ ರೋಗಿಯ ವಿಕಿರಣ ಉಂಡ ಕತ್ತಿನ ಧಮನಿಯನ್ನೂ ವಿಕಿರಣ ತಾಗದ ಫ್ಲ್ಯಾಪಿನ ಧಮನಿಯನ್ನೂ ಹೋಲಿಸಿ, ಚಿಕಿತ್ಸೆ ಮುಗಿದು ವರ್ಷಗಳಾದರೂ ಮೊದಲನೆಯದರಲ್ಲಿ ಉರಿಯೂತ ಆರಿರುವುದಿಲ್ಲವೆಂದು ತೋರಿಸಿದರು. ಹಾನಿಯನ್ನು ವಾಸಿಯಾದ ಗಾಯದ ಕಲೆಯೆಂದು ನೋಡುವ ದೃಷ್ಟಿ ಇಲ್ಲಿ ಸಡಿಲಾಯಿತು. ಅದು ಇನ್ನೂ ನಡೆಯುತ್ತಿರುವ ಕಾಯಿಲೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ವಿಕಿರಣ ಪಡೆದ ಕತ್ತಿನಲ್ಲೂ ಬಹುಪಾಲು ಫ್ಲ್ಯಾಪುಗಳು ಉಳಿಯುತ್ತವೆ. ಪಡೆದವರಿಗೂ ಪಡೆಯದವರಿಗೂ ಈ ವಿಷಯದಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದ ಅಧ್ಯಯನಗಳೂ ಇವೆ. ಅಂದ ಮೇಲೆ ನಾಳದ ಹಾನಿಗೆ ಇಷ್ಟು ಮಹತ್ವವೇಕೆ? ಆಕ್ಷೇಪದ ಲೆಕ್ಕ ಸರಿ, ಅಳತೆಗೋಲು ಗಿಡ್ಡ. ಫ್ಲ್ಯಾಪ್ ಸಾಯುವುದಿದ್ದರೆ ಸಾಮಾನ್ಯವಾಗಿ ಮೊದಲ ಕೆಲವು ದಿನಗಳಲ್ಲೇ ಸಾಯುತ್ತದೆ, ಮತ್ತು ಅಷ್ಟು ದಿನ ಹೊಲಿಗೆಯನ್ನು ನುರಿತ ಕೈ ಕಾಯಬಲ್ಲದು. ಹೊಲಿಗೆ ಬಿರಿದು ಎಂಜಲು ಸೋರುವುದು, ಗಾಯ ಮಾಯದಿರುವುದು, ತಿಂಗಳು ವರ್ಷಗಳ ಮೇಲೆ ದವಡೆ ಎಲುಬು ಕೊಳೆಯುವುದು ಆ ಲೆಕ್ಕಕ್ಕೆ ಸಿಗುವುದಿಲ್ಲ. ಇವು ದೊಡ್ಡ ಧಮನಿಯ ದೋಷಗಳಲ್ಲ. ಸುತ್ತಲಿನ ಲೋಮನಾಳಗಳು ಬತ್ತಿ ಅಂಗಾಂಶ ನಾರುಗಟ್ಟಿದ್ದರ ಫಲ. 1983ರಲ್ಲಿ ಮಾರ್ಕ್ಸ್ ಎಂಬ ದಂತ ಶಸ್ತ್ರವೈದ್ಯರು ಇಂಥ ಎಲುಬಿನಲ್ಲಿ ಆಮ್ಲಜನಕ, ಜೀವಕೋಶ, ರಕ್ತನಾಳ ಮೂರೂ ಕಡಿಮೆಯಾಗಿರುತ್ತವೆ ಎಂದು ವಿವರಿಸಿದ್ದರು. ನಾರುಗಟ್ಟುವಿಕೆಗೇ ಹೆಚ್ಚು ಒತ್ತು ಕೊಡುವ ವಿವರಣೆಗಳು ಆಮೇಲೆ ಬಂದವು.

ಆದ್ದರಿಂದ ಹೊಲಿಗೆಯ ಕೌಶಲಕ್ಕಿಂತ ಚಿಕಿತ್ಸೆಯ ಕ್ರಮವೇ ಹೆಚ್ಚು ನಿರ್ಣಾಯಕ. ಬಾಯಿ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ, ಗಾಯ ಮಾಯ್ದ ಮೇಲೆ, ಶಸ್ತ್ರಚಿಕಿತ್ಸೆಯಾದ ಸುಮಾರು ಆರು ವಾರದೊಳಗೆ ವಿಕಿರಣ. ಹುಬ್ಬಳ್ಳಿ ನೂರು ಕಿಲೋಮೀಟರಿಗೂ ದೂರವಿರುವ ಬಾದಾಮಿಯವರಿಗೆ ಅಲ್ಲೇ ಉಳಿಯುವ ವ್ಯವಸ್ಥೆಯಾಗದೆ ಈ ಗಡುವು ತಪ್ಪಬಹುದು. ವಿಕಿರಣದ ನಂತರ ರೋಗ ಮರುಕಳಿಸಿದರೆ ಶಸ್ತ್ರವೈದ್ಯರು ಕತ್ತಿನ ಇನ್ನೊಂದು ಬದಿಯ ನಾಳ ಹುಡುಕುತ್ತಾರೆ, ಕಾಲಿನ ಅಭಿಧಮನಿ ತಂದು ಸೇತುವೆ ಕಟ್ಟುತ್ತಾರೆ, ಇಲ್ಲವೇ 1979ರಲ್ಲಿ ಏರಿಯನ್ ವಿವರಿಸಿದ ಎದೆಸ್ನಾಯುವಿನ ಫ್ಲ್ಯಾಪನ್ನು ಅದರ ನಾಳ ಕತ್ತರಿಸದೆಯೇ ಮೇಲಕ್ಕೆ ತಿರುಗಿಸುತ್ತಾರೆ. ಸೂಕ್ಷ್ಮದರ್ಶಕವಿಲ್ಲದ ಆಸ್ಪತ್ರೆಯಲ್ಲೂ ಈ ಕೊನೆಯ ವಿಧಾನ ಸಾಧ್ಯ.