ಚುಕ್ಕೆಯ ಮುಂದಿನ ಹೆಸರು ಯಾರ ಸ್ವತ್ತು?

ಇಂಟರ್‌ನೆಟ್ ವಿಳಾಸದ ಕೊನೆಯಲ್ಲಿ ಬರುವ '.ಕಾಂ', '.ಆರ್ಗ್', '.ಇನ್'ಗಳನ್ನು ನಾವು ಓದಿಯೂ ಓದದಂತೆ ದಾಟಿಹೋಗುತ್ತೇವೆ. ಆದರೆ ಆ ಜಾಗದಲ್ಲಿ ಯಾವ ಹೆಸರು ಇರಬೇಕು, ಅದಕ್ಕೆ ಒಪ್ಪಿಗೆ ಕೊಡುವವರು ಯಾರು ಎಂಬ ಪ್ರಶ್ನೆಗೆ ದೇಶಗಳೂ ಕಂಪನಿಗಳೂ ವರ್ಷಗಟ್ಟಲೆ ಜಗಳವಾಡಿವೆ.

ಮೊದಲು ಇದು ಬೆರಳೆಣಿಕೆಯ ತಜ್ಞರ ಕೆಲಸವಾಗಿತ್ತು. 1984ರಲ್ಲಿ ಅಮೆರಿಕದ ಜಾನ್ ಪೊಸ್ಟೆಲ್ ಮತ್ತು ಜಾಯ್ಸ್ ರೇನಾಲ್ಡ್ಸ್ ಒಂದು ಟಿಪ್ಪಣಿಯಲ್ಲಿ '.ಕಾಂ' ಮುಂತಾದ ಕೆಲವೇ ಹೆಸರುಗಳನ್ನು ಸೂಚಿಸಿದರು. ದೇಶಗಳಿಗೆ ಎರಡಕ್ಷರದ ಸಂಕೇತ. ಆದರೆ ಯಾವುದು ದೇಶ, ಯಾವುದು ಅಲ್ಲ? ಪೊಸ್ಟೆಲ್ ಈ ಗೋಜಿಗೇ ಹೋಗಲಿಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ! ಜಾಣತನದ ಸೂತ್ರವೇ ಸರಿ. 1999ರಲ್ಲಿ ಪ್ಯಾಲೆಸ್ಟೈನ್ ಆ ಪಟ್ಟಿಗೆ ಸೇರಿತು, 2000ದಲ್ಲಿ ಅದಕ್ಕೆ '.ಪಿಎಸ್' ದಕ್ಕಿತು. ಇಂಟರ್‌ನೆಟ್ ನಡೆಸುವವರು ರಾಜಕೀಯ ತೀರ್ಪು ಕೊಡಬೇಕಾಗಲಿಲ್ಲ.

1994ರ ಟಿಪ್ಪಣಿಯಲ್ಲಿ ಪೊಸ್ಟೆಲ್ ಇನ್ನೊಂದು ಮಾತು ಸೇರಿಸಿದರು. ಹೆಸರನ್ನು ನೋಡಿಕೊಳ್ಳುವವನು ಒಡೆಯನಲ್ಲ, ಧರ್ಮದರ್ಶಿಯಂತೆ. ಹಕ್ಕಿನ ಮಾತು ಬೇಡ, ಸಮುದಾಯದ ಸೇವೆಯ ಮಾತಾಡಿ ಎಂದು ಅದರ ಇಂಗಿತ. ದೇಶಸಂಕೇತಗಳನ್ನು ಬಿಟ್ಟರೆ ಹೊಸ ಹೆಸರುಗಳು ಹುಟ್ಟುವ ಸಂಭವ ತೀರಾ ಕಡಿಮೆ ಎಂದೂ ಅದರಲ್ಲಿತ್ತು. ಈ ಭವಿಷ್ಯ ಮಾತ್ರ ಸುಳ್ಳಾಯಿತು.

1998ರಲ್ಲಿ 'ಐಕ್ಯಾನ್' ಸಂಸ್ಥೆ ಸ್ಥಾಪನೆಯಾಯಿತು. ಅದೇ ವರ್ಷ ಪೊಸ್ಟೆಲ್ ತೀರಿಕೊಂಡರು. 2000ದಲ್ಲಿ ಐಕ್ಯಾನ್ '.ಇನ್ಫೊ', '.ಮ್ಯೂಸಿಯಂ' ಸೇರಿ ಏಳು ಹೆಸರುಗಳನ್ನು ಆರಿಸಿತು. ಅರ್ಜಿ ಶುಲ್ಕ 50,000 ಡಾಲರ್. 2012ರಲ್ಲಿ ಬಾಗಿಲು ಅಗಲವಾಗಿ ತೆರೆದಾಗ ಶುಲ್ಕ 1,85,000 ಡಾಲರ್. ಆದರೂ ಬಂದ ಅರ್ಜಿಗಳು 1,930. ಧರ್ಮದರ್ಶಿಯ ಮಾತು ಈ ಸಂತೆಯಲ್ಲಿ ಎಷ್ಟು ಕೇಳಿಸೀತು?

ಆ ಅರ್ಜಿಗಳಲ್ಲಿ ಅಮೆಜಾನ್ ಕಂಪನಿಯ '.ಅಮೆಜಾನ್' ಕೂಡ ಇತ್ತು. ಬ್ರೆಜಿಲ್ ಮತ್ತು ಪೆರು ಆಕ್ಷೇಪಿಸಿದವು: ಅದು ನಮ್ಮ ನದಿಯ ಹೆಸರು, ಕಂಪನಿಗೆ ಕೊಡುವುದೆಂತು? ಇಲ್ಲಿ ಹಳೆಯ ಸೂತ್ರ ಕೈಕೊಟ್ಟಿತು. ರಾಜಧಾನಿ, ರಾಜ್ಯಗಳ ಹೆಸರು ಕೇಳಿದರೆ ಆಯಾ ಸರ್ಕಾರದ ಗೊಡವೆಯಿಲ್ಲದೆ ಆಗದೆಂಬ ನಿಯಮವೇನೋ ಇತ್ತು; ನದಿಗಳಿಗೆ ಪಟ್ಟಿಯೇ ಇರಲಿಲ್ಲ. ನಮ್ಮದನ್ನೇ ನೋಡಿ: ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವಿದೆ, ಕಾವೇರಿಗೆ ಅಂಥ ರಕ್ಷಣೆಯಿಲ್ಲ.

2013ರಲ್ಲಿ ಸರ್ಕಾರಗಳ ಸಲಹಾ ಸಮಿತಿ ವಿರೋಧಿಸಿತು. 2014ರಲ್ಲಿ ಐಕ್ಯಾನ್ ಅರ್ಜಿಯನ್ನು ತಳ್ಳಿಹಾಕಿತು. ಕಂಪನಿ ಸುಮ್ಮನಿರಲಿಲ್ಲ. 2017ರಲ್ಲಿ ಸ್ವತಂತ್ರ ಪರಿಶೀಲನಾ ಮಂಡಲಿ ಕಂಪನಿಯ ಪರ ನಿಂತಿತು. ಬಳಿಕ ನದೀಕಣಿವೆಯ ಎಂಟು ದೇಶಗಳ ಒಕ್ಕೂಟದೊಡನೆ ಮಾತುಕತೆ ನಡೆದರೂ ಒಪ್ಪಂದ ಕುದುರಲಿಲ್ಲ. ಕಡೆಗೆ 2019ರಲ್ಲಿ ಐಕ್ಯಾನ್ ಅರ್ಜಿಯನ್ನು ಮುಂದುವರಿಸಲು ನಿರ್ಧರಿಸಿತು. ಆ ದೇಶಗಳ ವಾಣಿಜ್ಯೇತರ ಬಳಕೆಗೆ '.ಅಮೆಜಾನ್' ಅಡಿಯಲ್ಲಿ ಕೆಲವು ವಿಳಾಸಗಳನ್ನು ಬಿಟ್ಟುಕೊಡುವುದಾಗಿ ಕಂಪನಿ ಹೇಳಿತು. ನದಿಯ ಹೆಸರಿನಲ್ಲಿ ನದಿಯವರಿಗೆ ಸಿಕ್ಕ ಪಾಲು ಅದು.